ಬೈದರೆ ಓದುತ್ತಾರೆ ಅಂತ ಯಾರು ಹೇಳಿದ್ದು? ಹಾಸನದ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಕಾಲೇಜುಗಳ ಪ್ರಾಂಶುಪಾಲರಿಗೆ, ವಿಶ್ವವಿದ್ಯಾಲಯದ ಆಡಳಿತದವರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ,

ನಮಸ್ಕಾರ.

ಹಾಸನದ ಒಂದು ಕಾಲೇಜಿನ ಗೇಟಿನ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಡಿಟಿಪಿ, ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಎಲ್ಲ ಮಾಡಿಕೊಡುತ್ತೇನೆ. ಯಾವ ಕಾಲೇಜು ಅಂತ ಬರೆಯುವುದಿಲ್ಲ. ಬರೆದರೆ ಅವರೊಬ್ಬರು ಬೇಜಾರು ಮಾಡಿಕೊಳ್ಳುತ್ತಾರೆ, ಉಳಿದವರೆಲ್ಲ 'ಸದ್ಯ, ನಮ್ಮದಲ್ಲ' ಅಂತ ಪತ್ರ ಪಕ್ಕಕ್ಕಿಡುತ್ತಾರೆ. ಮಕ್ಕಳು ನನ್ನನ್ನು ಅಕ್ಕ ಅಂತಾರೆ. ಮೇಷ್ಟ್ರುಗಳು ಮೇಡಂ ಅಂತಾರೆ, ಅರ್ಜೆಂಟಾಗಿ ಪ್ರಿಂಟ್ ಬೇಕಾದಾಗ ಅವರೂ ಅಕ್ಕ ಅಂತಾರೆ.

ನಾನು ಡಾಕ್ಟರಲ್ಲ, ಕೌನ್ಸೆಲರೂ ಅಲ್ಲ. ಆದರೆ ಒಂದು ಅನುಕೂಲ ನನಗಿದೆ. ನೀವು ಮಕ್ಕಳಿಗೆ ಹೊರಡಿಸುವ ನೋಟಿಸೂ ನನ್ನಲ್ಲೇ ಟೈಪ್ ಆಗುತ್ತದೆ, ಮಕ್ಕಳು ನಿಮಗೆ ಬರೆಯುವ ಅರ್ಜಿಯೂ ನನ್ನಲ್ಲೇ ಟೈಪ್ ಆಗುತ್ತದೆ. ನಡುವೆ ಕೂತವಳಿಗೆ ಎರಡೂ ಕಡೆ ಕಾಣುತ್ತದೆ.

ರಿಸಲ್ಟ್ ಬಂದ ದಿನ ನಮ್ಮ ಅಂಗಡಿ ಹೇಗಿರುತ್ತದೆ ಗೊತ್ತಾ? ಈಗ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು ಇಲ್ಲ. ಎಲ್ಲರ ಫೋನಿನಲ್ಲೂ ಯುಯುಸಿಎಂಎಸ್, ಅಂದರೆ ರಿಸಲ್ಟ್ ನೋಡುವ ಸರ್ಕಾರಿ ಜಾಲತಾಣ, ಇದೆ. ರಾತ್ರಿ ಎಷ್ಟು ಹೊತ್ತಿಗೋ ರಿಸಲ್ಟ್ ಬಿಡುತ್ತಾರೆ. ಹುಡುಗ ಹಾಸ್ಟೆಲ್ ಮಂಚದ ಮೇಲೋ, ಹುಡುಗಿ ಮನೆಯ ಹಿತ್ತಲಲ್ಲೋ ಒಬ್ಬರೇ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ನನ್ನಲ್ಲಿಗೆ ಬರುವಷ್ಟರಲ್ಲಿ ಒಂದು ಇಡೀ ರಾತ್ರಿ ಕಳೆದಿರುತ್ತದೆ. ರಿವ್ಯಾಲ್ಯುವೇಷನ್ ಅರ್ಜಿ ತುಂಬಿಸೋಕೆ ಕೂತಾಗ ಅವರ ಬಾಯಿಂದ ಬರುವ ಮಾತು ನೋಡಿ: 'ನಾನು ವೇಸ್ಟ್ ಅಕ್ಕ.' 'ನನ್ನ ಯೋಗ್ಯತೆಗೆ ಇಷ್ಟೇ.' 'ಅಪ್ಪನ ದುಡ್ಡು ದಂಡ.' ಬೈಯೋಕೆ ಅಲ್ಲಿ ಯಾರೂ ಇರುವುದಿಲ್ಲ. ನಾನಂತೂ ಬೈಯಲ್ಲ, ನನಗೆ ಅರ್ಜಿಗೆ ಇಷ್ಟು ಅಂತ ದುಡ್ಡು ಬಂದರೆ ಸಾಕು. ಆ ಮಕ್ಕಳು ತಮಗೆ ತಾವೇ ಬೈದುಕೊಳ್ಳುತ್ತಿರುತ್ತಾರೆ. ಅದೂ ಎಂಥಾ ಬೈಗುಳ! ಬೇರೆ ಯಾರಾದರೂ ಹಾಗೆ ಬೈದಿದ್ದರೆ ಕಾಲರ್ ಹಿಡಿಯುತ್ತಿದ್ದರು.

ಸ್ವಲ್ಪ ದಿನ ಕೇಳಿಸಿಕೊಂಡರೆ ಆ ಸಾಲುಗಳೆಲ್ಲ ಎಲ್ಲಿಂದ ಬಂದವು ಅಂತ ಗೊತ್ತಾಗುತ್ತದೆ. ಇಂಟರ್ನಲ್ಸ್ ಮಾರ್ಕ್ಸ್ ಓದುವಾಗ ಕ್ಲಾಸಿನಲ್ಲಿ ಹೇಳಿದ್ದು, ಪೇರೆಂಟ್ಸ್ ಮೀಟಿಂಗಿನಲ್ಲಿ ಹೇಳಿದ್ದು, ಮನೆಯಲ್ಲಿ ಅಣ್ಣನ ಜೊತೆ ಹೋಲಿಸಿ ಹೇಳಿದ್ದು. ನಾವು ಬೈದು ಮರೆತಿರುತ್ತೇವೆ. ಅವರು ಬಾಯಿಪಾಠ ಮಾಡಿರುತ್ತಾರೆ.

ಈ ವಿಷಯ ಇಷ್ಟು ಬಿಡಿಸಿ ಹೇಳುವ ಧೈರ್ಯ ನನಗೆ ಬಂದದ್ದು ಎಂಎಸ್‌ಡಬ್ಲ್ಯೂ ಅಂತ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಒಬ್ಬ ಹುಡುಗಿಯಿಂದ. ಅವಳ ಪ್ರಬಂಧದ ವಿಷಯ ಕಾಲೇಜು ವಿದ್ಯಾರ್ಥಿಗಳು ಮತ್ತು ಸ್ವ-ಕರುಣೆ. ಅಂದರೆ ಸೋತಾಗ, ಬೇಜಾರಾದಾಗ ನಮ್ಮ ಜೊತೆ ನಾವೇ ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದು. ಪ್ರಶ್ನಾವಳಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟವಳು ನಾನು. ಒಟ್ಟು 26 ಪ್ರಶ್ನೆ. ಪ್ರತಿಯೊಂದರ ಮುಂದೆ 1ರಿಂದ 5ರವರೆಗೆ ಚೌಕ. ಬೇಜಾರಾದಾಗ ಬೇರೆಯವರೆಲ್ಲ ನನಗಿಂತ ಖುಷಿಯಾಗಿದ್ದಾರೆ ಅನಿಸುತ್ತದಾ, ನನ್ನ ಕೊರತೆಗಳನ್ನು ಕಂಡರೆ ನನಗೇ ಸಿಟ್ಟು ಬರುತ್ತದಾ, ಕಷ್ಟದಲ್ಲಿ ನನ್ನ ಬಗ್ಗೆ ನಾನು ಮೃದುವಾಗಿ ಇರುತ್ತೇನಾ, ಈ ತರಹದ್ದು. ಇದನ್ನು 2003ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ್ದು. ಅವರಿಗೆ ಈ ವಿಚಾರ ಸಿಕ್ಕಿದ್ದು ಬೌದ್ಧ ಧ್ಯಾನದಿಂದ. ಇಲ್ಲಿಂದ ಹೋದದ್ದು ಸುತ್ತು ಹಾಕಿಕೊಂಡು ಹಾಸನಕ್ಕೆ ವಾಪಸ್ ಬಂದಿದೆ ಅನ್ನಿ.

ಅವಳು ಕೆಲವರಿಂದ ಪ್ರಶ್ನಾವಳಿ ತುಂಬಿಸಿದ್ದು ನಮ್ಮ ಅಂಗಡಿಯ ಬೆಂಚಿನ ಮೇಲೇ. ಒಬ್ಬ ಹುಡುಗ, ಮಾತಿನಮಲ್ಲ, ಬಂದವನೇ ಪಟಪಟ ಅಂತ ಗುರುತು ಹಾಕುತ್ತಾ ಹೋದ. ಕಷ್ಟದಲ್ಲಿ ನಿನ್ನ ಬಗ್ಗೆ ನೀನು ಮೃದುವಾಗಿರುತ್ತೀಯಾ ಅನ್ನುವ ಪ್ರಶ್ನೆ ಬಂದಾಗ ಪೆನ್ನು ನಿಲ್ಲಿಸಿದ. 'ಇದು ಹುಡುಗೀರಿಗೆ ಮಾತ್ರ ಅಲ್ವಾ?' ಅಂದ. ಅವಳು ಅಲ್ಲ ಅಂದಳು. ಅವನು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, 1ಕ್ಕೆ ಗುರುತು ಹಾಕಿ ಎದ್ದು ಹೋದ. ಅವಳ ಪ್ರಬಂಧದ ಲೆಕ್ಕ ಅವಳದ್ದು, ಇಲ್ಲಿ ನಾನು ಬರೆಯುವುದಿಲ್ಲ.

ನೆಫ್ ಅವರ ಪ್ರಕಾರ ಸ್ವ-ಕರುಣೆಯಲ್ಲಿ ಮೂರು ಸಂಗತಿ ಇವೆ. ತನ್ನನ್ನು ತಾನು ಜರಿಯದೆ ಸ್ನೇಹಿತನ ಹಾಗೆ ಮಾತಾಡಿಸಿಕೊಳ್ಳುವುದು. ಸೋಲು ಎಲ್ಲರಿಗೂ ಇದ್ದದ್ದೇ, ನನಗೊಬ್ಬನಿಗೇ ಅಲ್ಲ ಅಂತ ಕಾಣುವುದು. ಮೂರನೆಯದು, ನೋವನ್ನು ಮುಚ್ಚಿಡದೆ, ಹಾಗಂತ ಅದರಲ್ಲೇ ಮುಳುಗಿಯೂ ಹೋಗದೆ, ಇದ್ದದ್ದನ್ನು ಇದ್ದ ಹಾಗೆ ನೋಡುವುದು. ಮೊದಲನೆಯದೂ ಮೂರನೆಯದೂ ಮನಸ್ಸಿನ ಒಳಗಿನ ಕೆಲಸ, ಅದನ್ನು ಬಲ್ಲವರು ಕಲಿಸಬೇಕು. ಎರಡನೆಯದನ್ನು ನಾನು ದಿನಾ ನೋಡುತ್ತೇನೆ.

ರಿವ್ಯಾಲ್ಯುವೇಷನ್ ಕ್ಯೂನಲ್ಲಿ ನಿಂತವನು ಹಿಂದಿನವನ ಸ್ಕ್ರೀನ್ ಕಡೆ ಕಣ್ಣು ಹಾಯಿಸಿ, 'ಲೋ, ನಿಂದೂ ಹೋಯ್ತಾ?' ಅಂತಾನೆ. 'ಹೂಂ ಕಣೋ, ಎರಡು.' ಅಷ್ಟೇ. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಭುಜ ಇಳಿಯುತ್ತದೆ. ನಗು ಕೂಡ ಬರುತ್ತದೆ. ರಾತ್ರಿಯೆಲ್ಲ ಸ್ಟೇಟಸ್ಸಿನಲ್ಲಿ ಪಾಸಾದವರ ಪಾರ್ಟಿ ನೋಡಿ, ಇಡೀ ಹಾಸನದಲ್ಲಿ ಫೇಲಾದವನು ತಾನೊಬ್ಬನೇ ಅಂದುಕೊಂಡಿದ್ದವನು ಅವನು. ಫೇಲಾದವರು ಸ್ಟೇಟಸ್ ಹಾಕಲ್ಲ ನೋಡಿ, ಹಾಗಾಗಿ ಅವರು ಯಾರಿಗೂ ಕಾಣಲ್ಲ.

ಇಷ್ಟು ಹೇಳಿದರೆ ನಿಮ್ಮಲ್ಲಿ ಕೆಲವರು ಏನು ಕೇಳುತ್ತೀರಿ ಅಂತ ನನಗೆ ಗೊತ್ತು. ಆ ಪ್ರಬಂಧದ ಬೈಂಡಿಂಗ್ ಆಗುವಾಗ ಅಲ್ಲೇ ನಿಂತಿದ್ದ ಒಬ್ಬ ಹಿರಿಯ ಮೇಷ್ಟ್ರು ತೆರೆದು ನೋಡಿ ಕೇಳಿದ್ದೂ ಅದನ್ನೇ: 'ಈಗಲೇ ಓದಲ್ಲ. ಇನ್ನು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳೋಕೆ ಹೇಳಿಕೊಟ್ರೆ ಪುಸ್ತಕ ಮುಟ್ತಾರಾ?' ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಉತ್ತರ ಆ ಪ್ರಬಂಧದ ಎರಡನೇ ಅಧ್ಯಾಯದಲ್ಲೇ ಇತ್ತು.

2012ರಲ್ಲಿ ಜೂಲಿಯಾನಾ ಬ್ರೈನ್ಸ್, ಸೆರೀನಾ ಚೆನ್ ಅನ್ನುವ ಇಬ್ಬರು ಸಂಶೋಧಕಿಯರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಂದರಲ್ಲಿ ವಿದ್ಯಾರ್ಥಿಗಳಿಗೆ ಬೇಕಂತಲೇ ಕಷ್ಟದ ಶಬ್ದ ಪರೀಕ್ಷೆ ಕೊಟ್ಟರು. ಎಲ್ಲರೂ ತಿಣುಕಾಡಿದರು. ಆಮೇಲೆ ಒಂದು ಗುಂಪಿಗೆ, ಇದು ಬಹಳ ಜನಕ್ಕೆ ಕಷ್ಟವಾಗುತ್ತದೆ, ನಿಮ್ಮನ್ನು ನೀವು ಜಾಸ್ತಿ ಹಳಿದುಕೊಳ್ಳಬೇಡಿ ಅಂದರು. ಇನ್ನೊಂದು ಗುಂಪಿಗೆ, ಇಂಥ ಕಡೆ ಸೀಟು ಸಿಕ್ಕಿದೆ ಅಂದಮೇಲೆ ನೀವು ಬುದ್ಧಿವಂತರೇ ಅಂತ ಹೊಗಳಿದರು. ಮೂರನೇ ಗುಂಪಿಗೆ ಏನೂ ಹೇಳಲಿಲ್ಲ. ಆಮೇಲೆ ಇನ್ನೊಂದು ಪರೀಕ್ಷೆ ಇದೆ, ಎಷ್ಟು ಹೊತ್ತು ಬೇಕಾದರೂ ಓದಿಕೊಳ್ಳಿ ಅಂತ ಬಿಟ್ಟರು. ಜಾಸ್ತಿ ಹೊತ್ತು ಕೂತು ಓದಿದ್ದು ಮೊದಲನೇ ಗುಂಪು. ಹೊಗಳಿಸಿಕೊಂಡವರಲ್ಲ, ಗಮನಿಸಿ.

ಅದಕ್ಕೂ ಎರಡು ವರ್ಷ ಮೊದಲು, 2010ರಲ್ಲಿ, ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಅಧ್ಯಯನ ಬಂದಿತ್ತು. ಮೊದಲ ವರ್ಷದ 119 ವಿದ್ಯಾರ್ಥಿಗಳು. ಮೊದಲ ಪರೀಕ್ಷೆಗೆ ಓದದೆ ನಾಳೆ ನಾಳೆ ಅಂತ ಮುಂದೂಡಿದವರಲ್ಲಿ, ಆ ತಪ್ಪನ್ನು ತಮ್ಮಲ್ಲೇ ಮನ್ನಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. ತಮ್ಮನ್ನು ತಾವು ಕ್ಷಮಿಸದೆ ಕುದಿಯುತ್ತಿದ್ದವರು ಮತ್ತೆ ಅದೇ ದಾರಿ ಹಿಡಿದರು.

ಇದೆಲ್ಲ ಅಮೆರಿಕ, ಕೆನಡಾದ ಮಾತು, ನಮ್ಮ ಹುಡುಗರಿಗೆ ಹೊಂದಲ್ಲ ಅನ್ನಬಹುದು. ಹಾಗಿದ್ದರೆ ನನ್ನ ಕೌಂಟರಿನ ಕಡೆ ಬನ್ನಿ. ಪರೀಕ್ಷೆ ಸಮಯದಲ್ಲಿ ನೋಟ್ಸ್ ಝೆರಾಕ್ಸ್ ಮಾಡಿಸುವುದಕ್ಕೆ ಒಂದು ಕ್ರಮ ಇದೆ. ಸುಲಭದ ಸಬ್ಜೆಕ್ಟ್ ಮೊದಲು, ಇಷ್ಟದ ಸಬ್ಜೆಕ್ಟ್ ಆಮೇಲೆ. ಹೋದ ಸಬ್ಜೆಕ್ಟ್, ಅಂದರೆ ಬ್ಯಾಕ್‌ಲಾಗ್ ಇರುವುದು, ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಸಲ ಪರೀಕ್ಷೆಯ ಹಿಂದಿನ ಸಂಜೆ, ನಾನು ಶಟರ್ ಎಳೆಯುವ ಹೊತ್ತಿಗೆ. ಒಬ್ಬ ಬಿಕಾಂ ಹುಡುಗನಿಗೆ ಕಾಸ್ಟ್ ಅಕೌಂಟಿಂಗ್ ಹೋಗಿತ್ತು. ಉಳಿದದ್ದರ ನೋಟ್ಸ್ ಎಲ್ಲ ತಿಂಗಳ ಮೊದಲೇ ನೀಟಾಗಿ ಬೈಂಡ್ ಮಾಡಿಸಿದ್ದ. 'ಕಾಸ್ಟ್ ಅಕೌಂಟಿಂಗ್ ಬೇಡ್ವೇನಪ್ಪ?' ಅಂದೆ. 'ಅದರ ಹೆಸರು ಎತ್ತಬೇಡಿ ಅಕ್ಕ' ಅಂದ. ಸೋಮಾರಿ ಆಗಿದ್ದರೆ ಯಾವ ನೋಟ್ಸೂ ಮಾಡಿಸುತ್ತಿರಲಿಲ್ಲ. ಆ ಒಂದು ಪುಸ್ತಕ ತೆರೆದರೆ ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ ಅಂದದ್ದೆಲ್ಲ ಮತ್ತೆ ಕೇಳಿಸುತ್ತದೆ, ಅದಕ್ಕೇ ತೆರೆಯಲ್ಲ. ಬೈಗುಳದಿಂದ ಪುಸ್ತಕ ಹತ್ತಿರ ಬರಲಿಲ್ಲ, ದೂರ ಹೋಯಿತು.

ನಮ್ಮ ಜಿಲ್ಲೆಗೆ ಈ ಪರ್ಸೆಂಟೇಜ್ ಹುಚ್ಚು ಸ್ವಲ್ಪ ಜಾಸ್ತಿ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಇಡೀ ರಾಜ್ಯಕ್ಕೆ ಮೊದಲು ಬಂತು. ನನಗೂ ಹೆಮ್ಮೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಅದಾದ ಮೇಲೆ ಎಲ್ಲಿ ನೋಡಿದರೂ ಫ್ಲೆಕ್ಸ್. ಬಿ.ಎಂ. ರಸ್ತೆಯ ಉದ್ದಕ್ಕೂ ಮಕ್ಕಳ ಮುಖ, ಮುಖದ ಕೆಳಗೆ ಒಂದು ಅಂಕಿ. ಹಳ್ಳಿ ಸ್ಕೂಲಿನಲ್ಲಿ ಕನ್ನಡ ಮೀಡಿಯಂನಲ್ಲಿ ತೊಂಬತ್ತು ತೆಗೆದು, ಊರಲ್ಲಿ ಸನ್ಮಾನ ಮಾಡಿಸಿಕೊಂಡ ಹುಡುಗಿ ಡಿಗ್ರಿಗೆ ಬಂದು, ಇಂಗ್ಲಿಷಿನ ಟೆಕ್ಸ್ಟ್ ಬುಕ್ ಮುಂದೆ ಕೂತು, ಮೊದಲ ಸೆಮಿಸ್ಟರಿನಲ್ಲೇ ಎರಡು ಸಬ್ಜೆಕ್ಟ್ ಕಳೆದುಕೊಂಡರೆ ಊರಿಗೆ ಯಾವ ಮುಖ ಹೊತ್ತು ಹೋಗಬೇಕು? ಸನ್ಮಾನದ ಫೋಟೋ ಇನ್ನೂ ಗೋಡೆ ಮೇಲೆ ಇರುತ್ತದೆ.

ಈಗ ನಿಮ್ಮ ಮುಂದೆ ಒಂದು ಕಾಗದ ಇಡುತ್ತೇನೆ. ಈ ಪತ್ರ ಬರೆಯಲು ನಿಜವಾದ ಕಾರಣ ಅದೇ.

ಹಾಜರಾತಿ 75 ಪರ್ಸೆಂಟಿಗಿಂತ ಕಡಿಮೆಯಾದ ಮಕ್ಕಳಿಂದ ಕಾಲೇಜುಗಳು ಮುಚ್ಚಳಿಕೆ ಬರೆಸಿಕೊಳ್ಳುತ್ತವೆ. ಅದರ ಫಾರ್ಮ್ಯಾಟ್ ನನ್ನ ಕಂಪ್ಯೂಟರಿನಲ್ಲಿ ಯಾವಾಗಲೂ ಇರುತ್ತದೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ ಪ್ರಿಂಟ್ ಕೊಟ್ಟರೆ ಆಯಿತು. ಅದರ ಒಡಲು ಹೀಗಿದೆ: 'ನಾನು ತರಗತಿಗಳಿಗೆ ಸರಿಯಾಗಿ ಹಾಜರಾಗದೆ ತಪ್ಪು ಮಾಡಿರುತ್ತೇನೆ. ಇನ್ನು ಮುಂದೆ ಈ ರೀತಿ ಮಾಡುವುದಿಲ್ಲ. ಮುಂದೆ ಆಗುವ ಎಲ್ಲಾ ಪರಿಣಾಮಗಳಿಗೆ ನಾನೇ ಜವಾಬ್ದಾರನಾಗಿರುತ್ತೇನೆ.' ಕೆಳಗೆ ವಿದ್ಯಾರ್ಥಿಯ ಸಹಿ, ಪೋಷಕರ ಸಹಿ.

ಡಿಸೆಂಬರ್, ಜನವರಿಯಲ್ಲಿ ಸಕಲೇಶಪುರ, ಆಲೂರು ಕಡೆ ಕಾಫಿ ಕುಯ್ಲು. ಆಗ ಆಳು ಸಿಗುವುದಿಲ್ಲ. ಮನೆಯ ಮಕ್ಕಳೇ ಇಳಿಯಬೇಕು. ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ಅದು ವರ್ಷದ ಫೀಸಿನ ದುಡ್ಡು. ಚನ್ನರಾಯಪಟ್ಟಣ ಕಡೆಯ ಹುಡುಗ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಮೊದಲನೇ ಪೀರಿಯಡ್ ಮುಗಿದಿರುತ್ತದೆ. ಅರಸೀಕೆರೆ ಕಡೆಯವರು ರೈಲು ಬಂದಾಗ ಬರುತ್ತಾರೆ. ಒಬ್ಬ ಹುಡುಗನ ಅಪ್ಪ ಆಸ್ಪತ್ರೆಯಲ್ಲಿದ್ದರು, ಇವನೇ ಪಕ್ಕದಲ್ಲಿ ಮಲಗುತ್ತಿದ್ದ. ಅವನೂ ಇದೇ ಕಾಗದಕ್ಕೆ ಸಹಿ ಹಾಕಿದ. ಅಪ್ಪನನ್ನು ನೋಡಿಕೊಂಡಿದ್ದಕ್ಕೆ 'ತಪ್ಪು ಮಾಡಿರುತ್ತೇನೆ' ಅಂತ. ಪೋಷಕರ ಸಹಿ ಹಾಕಿದ್ದು ಅದೇ ಅಪ್ಪ, ಬಲಗೈಗೆ ಡ್ರಿಪ್ ಇದ್ದದ್ದರಿಂದ ಎಡಗೈಯಲ್ಲಿ. ಅಕ್ಷರ ಸೊಟ್ಟಗಿತ್ತು. ಆಫೀಸಿನವರು ಸಹಿ ಹೊಂದುತ್ತಿಲ್ಲ ಅಂತ ವಾಪಸ್ ಕಳಿಸಿದರು, ಅವನು ಮತ್ತೊಂದು ಪ್ರಿಂಟ್ ತೆಗೆದುಕೊಂಡು ಹೋದ.

ಸರ್, ಮೇಡಂ, ಆ ಫಾರ್ಮ್ಯಾಟಿನಲ್ಲಿ 'ಕಾರಣ' ಅಂತ ಒಂದು ಸಾಲು ಇಲ್ಲ. ನಿನಗೆ ಏನು ತೊಂದರೆ ಇತ್ತಪ್ಪ ಅಂತ ಕೇಳುವುದಕ್ಕೆ ಜಾಗವೇ ಬಿಟ್ಟಿಲ್ಲ. ನಾವು ಮಕ್ಕಳಿಗೆ ಮೂರು ವರ್ಷ ಕಲಿಸುವುದು ಇದನ್ನೇ: ಏನೇ ಆಗಲಿ, ಮೊದಲು ತಪ್ಪು ನಿನ್ನದು ಅಂತ ಬರೆದುಕೊಡು. ಆಮೇಲೆ ಅವರು ತಮಗೆ ತಾವೇ ಹಾಗೆ ಬರೆದುಕೊಂಡರೆ ಆಶ್ಚರ್ಯ ಯಾಕೆ?

ಕಾನೂನಿನ ಕಡೆಗೆ ಬರೋಣ, ಯಾಕೆಂದರೆ ಇದು ಕೇವಲ ಅಂಗಡಿಯವಳ ಅಂತಃಕರಣದ ಮಾತಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ 15 ಮಾರ್ಗಸೂಚಿ ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಸಣ್ಣ ಸಂಸ್ಥೆಯಾದರೆ ಹೊರಗಿನ ತಜ್ಞರ ಜೊತೆ ಔಪಚಾರಿಕ ವ್ಯವಸ್ಥೆ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ. ಸಹಾಯವಾಣಿ ನಂಬರು ಕ್ಲಾಸ್‌ರೂಮು, ಹಾಸ್ಟೆಲ್, ವೆಬ್‌ಸೈಟಿನಲ್ಲಿ ದೊಡ್ಡ ಅಕ್ಷರದಲ್ಲಿ. ಮಾರ್ಕ್ಸ್ ನೋಡಿ ಬ್ಯಾಚ್ ಒಡೆಯುವುದನ್ನೂ ಎಲ್ಲರೆದುರು ಅವಮಾನ ಮಾಡುವುದನ್ನೂ ಸಾಧ್ಯವಾದಷ್ಟು ಬಿಡಬೇಕು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಆದ ಎನ್‌ಸಿಆರ್‌ಬಿ ಲೆಕ್ಕ ಹೇಳುತ್ತದೆ. ಕೋರ್ಟು ಸುಮ್ನೆ ಮಾತಾಡಿಲ್ಲ.

ಕಾಗದದ ಮೇಲೆ ನೀವೂ ಮಾಡಿದ್ದೀರಿ, ನನಗೆ ಗೊತ್ತು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಮೊದಲು ಫೈಲ್ ಬೈಂಡ್ ಮಾಡುವವಳು ನಾನೇ ತಾನೇ. ಮೇಷ್ಟ್ರು ತಮಗೆ ವಹಿಸಿದ ಮಕ್ಕಳನ್ನು ಮಾತಾಡಿಸಿ ಬರೆದಿಡಬೇಕಾದ ಮೆಂಟರ್-ಮೆಂಟೀ ರಿಜಿಸ್ಟರ್ ಅಂತ ಒಂದು ಬರುತ್ತದೆ. ಮೂರು ವರ್ಷದ ಭೇಟಿಗಳು, ಒಂದೇ ಪೆನ್ನು, ಒಂದೇ ಕೈಬರಹ, ಇಂಕು ಇನ್ನೂ ಆರಿರುವುದಿಲ್ಲ. 'ವಿದ್ಯಾರ್ಥಿಯ ಸಮಸ್ಯೆ: ಇಲ್ಲ. ಸಲಹೆ: ಚೆನ್ನಾಗಿ ಓದಲು ತಿಳಿಸಲಾಯಿತು.' ಪುಟಗಟ್ಟಲೆ ಇದೇ. ಬರೆದವರನ್ನು ನಾನು ದೂರಲ್ಲ. ಅವರಲ್ಲಿ ಜಾಸ್ತಿ ಜನ ಅತಿಥಿ ಉಪನ್ಯಾಸಕರು, ಬರುವ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಅವರದ್ದು. ಅವರ ಕಷ್ಟ ಕೇಳುವ ರಿಜಿಸ್ಟರೂ ಇಲ್ಲ.

ಇನ್ನೊಂದು, ಒಂದು ದಿನದ ಕಾರ್ಯಾಗಾರ. ಬ್ಯಾನರ್ ನನ್ನಲ್ಲೇ ಪ್ರಿಂಟ್ ಆಗುತ್ತದೆ, ಸರ್ಟಿಫಿಕೇಟೂ. ಅತಿಥಿಗಳ ಫೋಟೋ ದೊಡ್ಡದು, ವಿಷಯ ಸಣ್ಣದು. ಮಾರನೆಯ ದಿನ ಅದೇ ಸಭಾಂಗಣದಲ್ಲಿ ಫೀಸ್ ಬಾಕಿ ಇರುವವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ನನಗೆ ವ್ಯಾಪಾರ ಆಗುತ್ತದೆ, ಬೇಡ ಅನ್ನಲ್ಲ. ಆದರೆ ಅದರಿಂದ ಮಕ್ಕಳಿಗೆ ಏನೂ ಆಗಿಲ್ಲ.

ಇಲ್ಲಿ ನನಗೊಂದು ಭಯವೂ ಇದೆ. ನಿಮ್ಮ ಬಗ್ಗೆ ನೀವೇ ದಯೆ ಇಟ್ಟುಕೊಳ್ಳಿ ಅನ್ನುವ ಮಾತನ್ನು ಕಾಲೇಜುಗಳು ತಮ್ಮ ಕೆಲಸ ತಪ್ಪಿಸಿಕೊಳ್ಳೋಕೆ ಬಳಸಿಕೊಂಡುಬಿಟ್ಟರೆ? ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಯಾವಾಗ ಬರುತ್ತದೆ ಅಂತ ದಿನಾ ಬಂದು ಸ್ಟೇಟಸ್ ನೋಡಿಸುವ ಹುಡುಗಿಗೆ ಬೇಕಾದದ್ದು ಧ್ಯಾನವಲ್ಲ, ದುಡ್ಡು. ಬರೆದ ಪರೀಕ್ಷೆಗೆ 'ಆಬ್ಸೆಂಟ್' ಅಂತ ಬಂದವನಿಗೆ ಬೇಕಾದದ್ದು ಸರಿಯಾದ ಮಾರ್ಕ್ಸ್. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ, ಆ ಪಟ್ಟಿಯಲ್ಲಿ ಹಾಸನದ್ದೂ ಇದ್ದಾಗ, 'ನಮ್ಮ ಸರ್ಟಿಫಿಕೇಟಿನಲ್ಲಿ ಯಾವ ವಿವಿ ಹೆಸರು ಬರುತ್ತೆ ಅಕ್ಕ?' ಅಂತ ನನ್ನ ಹತ್ತಿರ ಕೇಳಿದವರು ಎಷ್ಟೋ ಜನ. ಝೆರಾಕ್ಸ್ ಅಂಗಡಿಯವಳನ್ನು ಯಾಕೆ ಕೇಳಬೇಕು? ನಿಮ್ಮ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲೂ ಇರಲಿಲ್ಲ, ಅದಕ್ಕೆ. ಇವೆಲ್ಲ ನೀವು ಸರಿ ಮಾಡಬೇಕಾದ ತಪ್ಪುಗಳು. ಮಕ್ಕಳು ಉಸಿರಾಟದ ವ್ಯಾಯಾಮ ಮಾಡಿದರೆ ಸ್ಕಾಲರ್‌ಶಿಪ್ ಬರಲ್ಲ.

ಹಾಗೇ, ಬೇಜಾರು ಬೇರೆ, ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆ ಇಲ್ಲದವನಿಗೆ, ಊಟ ಬಿಟ್ಟವಳಿಗೆ, ಇದ್ದೂ ಪ್ರಯೋಜನ ಇಲ್ಲ ಅನ್ನುವ ಮಾತಾಡುವವರಿಗೆ ಸ್ವ-ಕರುಣೆಯ ಪಾಠ ಸಾಲದು. ಅವರಿಗೆ ಚಿಕಿತ್ಸೆ ಬೇಕು. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ನಮ್ಮಲ್ಲಿ ಹೆದರಿಕೆ ಇದೆ. ಹಾಗಾಗಲ್ಲ, ಕೇಳಿದರೆ ಹೇಳಿಕೊಳ್ಳೋಕೆ ದಾರಿ ಸಿಗುತ್ತದೆ ಅಂತಲೇ ಮನೋವೈದ್ಯರು ಹೇಳುವುದು. ಕೇಳಿ, ಒಬ್ಬರನ್ನೇ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲೇ ಮನೋವೈದ್ಯಕೀಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮ ನಮ್ಮ ರಾಜ್ಯದ್ದು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್, ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಗೆ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಅದೇ ನಿಮ್ಹಾನ್ಸ್ ಹೆಸರನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ ನೋಡಿ. ಕ್ಲಾಸಿನಲ್ಲಿ ಯಾರಾದರೂ ಮಂಕಾಗಿ ಕೂತರೆ 'ನಿಮ್ಹಾನ್ಸ್ ಕೇಸು' ಅಂತ ನಗುತ್ತಾರೆ, ಕೆಲವು ಸಲ ಮೇಷ್ಟ್ರೂ ಸೇರಿಕೊಳ್ಳುತ್ತಾರೆ. ಆಮೇಲೆ ಆ ಮಗು ಹಿಮ್ಸ್ ಗೇಟು ದಾಟುತ್ತದಾ?

ಕೌನ್ಸೆಲಿಂಗ್ ರೂಮು ಎಲ್ಲಿದೆ ಅನ್ನುವುದೂ ಮುಖ್ಯ. ನಾನು ಕಂಡ ಒಂದು ಕಡೆ ಅದು ಆಫೀಸಿನ ಕೌಂಟರಿಗೆ ಎದುರಿಗೇ ಇದೆ. ಫೀಸ್ ಕಟ್ಟೋಕೆ ನಿಂತವರೆಲ್ಲ ಯಾರು ಒಳಗೆ ಹೋದರು ಅಂತ ನೋಡುತ್ತಾರೆ. ಅರ್ಧ ರೂಮಿನಲ್ಲಿ ಹಳೇ ಉತ್ತರಪತ್ರಿಕೆ ಮೂಟೆ. ಅದನ್ನು ಲೈಬ್ರರಿ ಪಕ್ಕಕ್ಕೋ ಮಹಡಿಗೋ ಹಾಕಿ. ಒಳಗೆ ಆಡಿದ ಮಾತು ಎಚ್‌ಒಡಿ ಟೇಬಲ್ಲಿಗೆ ಬರಬಾರದು. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಅದೇ ಕಾಯ್ದೆಯ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ, ಆರೈಕೆ ಕೊಡಬೇಕು. ಅಂಥ ಮಗುವಿಗೆ ಟಿಸಿ ಕೊಟ್ಟು ಕಳಿಸುವ ಯೋಚನೆ ಯಾರಿಗಾದರೂ ಬಂದರೆ ಮೊದಲು ಇದನ್ನು ಓದಿ.

ನನಗೆ ಏನು ಬೇಕು ಅಂತ ಹೇಳಿಬಿಡುತ್ತೇನೆ. ರಿಸಲ್ಟನ್ನು ವಿಶ್ವವಿದ್ಯಾಲಯದವರು ಕೆಲಸದ ದಿನ ಬೆಳಿಗ್ಗೆ ಬಿಡಿ, ರಾತ್ರಿ ಬೇಡ, ಶನಿವಾರ ಸಂಜೆಯಂತೂ ಬೇಡವೇ ಬೇಡ. ಆ ದಿನ ಕಾಲೇಜಿನಲ್ಲಿ ಒಬ್ಬರು ಸುಮ್ನೆ ಕೂತಿರಲಿ, ಫೇಲಾದವರು ಬಂದರೆ ಮುಂದೇನು ಅಂತ ಹೇಳೋಕೆ: ಉತ್ತರಪತ್ರಿಕೆಯ ಫೋಟೋಕಾಪಿಗೆ ಎಷ್ಟು, ರಿವ್ಯಾಲ್ಯುವೇಷನ್ ಕೊನೇ ದಿನ ಯಾವಾಗ, ಮುಂದಿನ ಪರೀಕ್ಷೆ ಯಾವಾಗ. ಅರ್ಧ ಭಯ ಅಲ್ಲೇ ಹೋಗುತ್ತದೆ. ಮಾರ್ಕ್ಸ್ ಎಲ್ಲರ ಮುಂದೆ ಓದಬೇಡಿ. ಹಾಲ್ ಟಿಕೆಟ್ ಕೆಳಗೆ ಖಾಲಿ ಜಾಗ ಬೇಕಾದಷ್ಟಿದೆ, ದಿನಾ ಪ್ರಿಂಟ್ ತೆಗೆಯುವವಳು ಹೇಳುತ್ತಿದ್ದೇನೆ. ಅಲ್ಲಿ 14416 ಹಾಕಿಸಿ. ಖರ್ಚು ಸೊನ್ನೆ. ಕೌನ್ಸೆಲರ್ ನೇಮಕಕ್ಕೆ ದುಡ್ಡಿಲ್ಲ ಅನ್ನುವ ಸರ್ಕಾರಿ ಕಾಲೇಜುಗಳ ಕಷ್ಟ ನನಗೆ ಅರ್ಥ ಆಗುತ್ತದೆ, ಆದರೆ ಅದು ಸರ್ಕಾರಕ್ಕೆ ನೀವು ಬರೆಯಬೇಕಾದ ಪತ್ರ. ಬರೆದುಕೊಡಿ, ಟೈಪ್ ಮಾಡಿಕೊಡುತ್ತೇನೆ.

ಪೋಷಕರಿಗೆ ಬೇರೆ ಪತ್ರವೇ ಬರೆಯಬೇಕು, ಇಲ್ಲಿ ಬೇಡ. ಮಕ್ಕಳೇ, ನೀವು ಇದನ್ನು ಓದುತ್ತಿದ್ದರೆ, ನಿಮ್ಮ ಜೊತೆಯವನಿಗೆ ಫೇಲಾದಾಗ ಏನು ಹೇಳುತ್ತೀರೋ ಅದನ್ನೇ ನಿಮಗೂ ಹೇಳಿಕೊಳ್ಳಿ. ನೀವು ಜೊತೆಯವರಿಗೆ ಏನು ಹೇಳುತ್ತೀರಿ ಅಂತ ನನಗೆ ಗೊತ್ತು, ನನ್ನ ಕೌಂಟರಿನ ಮುಂದೇ ಹೇಳಿದ್ದೀರಿ. 'ಹೋಗ್ಲಿ ಬಿಡೋ, ನೆಕ್ಸ್ಟ್ ಟೈಮ್ ಎತ್ತಾಕೋಣ, ಬಾ ಟೀ ಕುಡಿಯೋಣ' ಅಂತೀರಿ. ಬೆನ್ನಿಗೊಂದು ಗುದ್ದನ್ನೂ ಕೊಡುತ್ತೀರಿ, ಅದು ಬೇಕಿದ್ದರೆ ಬಿಡಿ.

ಪ್ರಾಂಶುಪಾಲರೇ, ಕೊನೆಗೆ ಆ ಮುಚ್ಚಳಿಕೆ. ಹೊಸ ಫಾರ್ಮ್ಯಾಟ್ ಒಂದನ್ನು ನಾನೇ ಟೈಪ್ ಮಾಡಿ ಇಟ್ಟಿದ್ದೇನೆ. 'ತಪ್ಪು ಮಾಡಿರುತ್ತೇನೆ' ತೆಗೆದಿದ್ದೇನೆ. ಅದರ ಬದಲು ಮೂರು ಸಾಲು ಇದೆ: ಹಾಜರಾಗಲು ಆಗದ ಕಾರಣ. ಕಾಲೇಜಿನಿಂದ ಬೇಕಾದ ಸಹಾಯ. ಬಿಟ್ಟುಹೋದ ಪಾಠ ಮುಗಿಸಲು ಒಪ್ಪಿಕೊಂಡ ದಿನಾಂಕ. ಕೆಳಗೆ ಎರಡು ಸಹಿಯ ಜಾಗದಲ್ಲಿ ಮೂರು ಮಾಡಿದ್ದೇನೆ, ವಿದ್ಯಾರ್ಥಿಯದು, ಪೋಷಕರದು, ಅದನ್ನು ಕೂತು ಓದಿದ ಅಧ್ಯಾಪಕರದು. ಎ4 ಹಾಳೆಯ ಒಂದೇ ಮಗ್ಗುಲಿನಲ್ಲಿ ಹಿಡಿಯುತ್ತದೆ. ಪೆನ್‌ಡ್ರೈವ್ ಕಳಿಸಿದರೆ ಹಾಕಿಕೊಡುತ್ತೇನೆ, ಇದಕ್ಕೆ ದುಡ್ಡು ಬೇಡ. ಭಾನುವಾರ ಮಧ್ಯಾಹ್ನದ ಮೇಲೆ ಮಾತ್ರ ಅಂಗಡಿ ಇರುವುದಿಲ್ಲ.

ಇಂತಿ,
ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯವಳು,
ಹಾಸನ